ನಾಗರಹಾವಿಗೆ ಎಷ್ಟು ಕೊನೆ?

ಜಯನಗರ ನಾಲ್ಕನೆಯ ಬ್ಲಾಕಿನ ಹಳೆಯ ಶಾಪಿಂಗ್ ಕಾಂಪ್ಲೆಕ್ಸನ್ನು ಕಂಡವರಿಗೆ ಅಲ್ಲಿದ್ದ ಪುಟ್ಟಣ್ಣ ಚಿತ್ರಮಂದಿರದ ನೆನಪು ಇದ್ದೇ ಇರುತ್ತದೆ. ದೇವರ ಹೆಸರಿನ ಚಿತ್ರಮಂದಿರಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಾಲೀಕರ ಮನೆಯ ಹೆಣ್ಣುಮಕ್ಕಳ ಹೆಸರಿನವೂ ಉಂಟು. ಆದರೆ ಸಿನಿಮಾ ನಿರ್ದೇಶಿಸಿದವನೊಬ್ಬನ ಹೆಸರನ್ನು ಹೊತ್ತ ಮಂದಿರ ಅಪರೂಪದ್ದು. ಹೂವು, ತರಕಾರಿ, ಪಾತ್ರೆಪಗಡೆಗಳ ಅಂಗಡಿಗಳ ನಡುವೆ ಕಣಗಾಲ್ ಪುಟ್ಟಣ್ಣನವರ ಹೆಸರು ಹಾಗೆ ಬಹುಕಾಲ ನಿಂತಿತ್ತು. ಹಳೆಯ ಕಟ್ಟಡ ಹೋಯಿತು. ಅದರೊಡನೆ ಚಿತ್ರಮಂದಿರವೂ ಹೋಯಿತು.

ಪುಟ್ಟಣ್ಣನವರ ‘ನಾಗರಹಾವು’ 1972ರ ಡಿಸೆಂಬರ್ ಕೊನೆಯಲ್ಲಿ ತೆರೆ ಕಂಡ ಚಿತ್ರ. 2018ರಲ್ಲಿ ಅದನ್ನು ಹೊಸ ಬಣ್ಣ, ಹೊಸ ಧ್ವನಿಯೊಡನೆ ಮತ್ತೆ ಬಿಡುಗಡೆ ಮಾಡಿದಾಗ ಅಕ್ಕನ ಮೊಮ್ಮಗನನ್ನು ಕರೆದುಕೊಂಡು ಹೋಗಿದ್ದೆ. ಆಗ ಅವನು ಎಂಟನೆಯ ತರಗತಿ. ಬನಶಂಕರಿಯ ಮನೆಯಲ್ಲಿ ಶಾಲೆ ಮುಗಿಸಿ ಬಂದರೆ ಕಂಪ್ಯೂಟರಿನ ಮುಂದೆ ಕೂತು ಕತ್ತಿ ಝಳಪಿಸುವುದೇ ಅವನ ಕೆಲಸ. ಮೂರು ಗಂಟೆಯ ಚಿತ್ರವನ್ನು ಅಲುಗಾಡದೆ ನೋಡಿದ. ಹೊರಗೆ ಬಂದ ಮೇಲೆ ಅವನು ಕೇಳಿದ ಪ್ರಶ್ನೆ ನನ್ನನ್ನು ಇಷ್ಟು ವರ್ಷವಾದರೂ ಬಿಟ್ಟಿಲ್ಲ. ‘ತಾತ, ಮೇಷ್ಟ್ರು ಅಲಮೇಲುನ ಬಿಟ್ಟುಬಿಡು ಅಂದಾಗ ರಾಮಾಚಾರಿ ಆಗೋದಿಲ್ಲ ಅಂದಿದ್ದರೆ ಏನಾಗ್ತಿತ್ತು? ಆ ಕಡೆಯ ಕಥೆ ಎಲ್ಲಿದೆ?’

ಆ ಕಡೆಯ ಕಥೆ ಎಲ್ಲೂ ಇಲ್ಲ ಎಂದೆ. ಅವನಿಗೆ ಅದು ನಂಬುವಂತಹ ಮಾತಾಗಲಿಲ್ಲ. ಅವನು ಆಡುವ ಆಟಗಳಲ್ಲಿ ಅಂಥ ಕಡೆಗಳಲ್ಲೆಲ್ಲ ದಾರಿ ಎರಡಾಗಿ ಒಡೆಯುತ್ತದೆ. ಒಂದು ಸಲ ಒಂದು ದಾರಿ ಹಿಡಿದರೆ ಇನ್ನೊಂದು ಸಲ ಇನ್ನೊಂದು ಹಿಡಿಯಬಹುದು. ಇಲ್ಲಿ ಒಬ್ಬ ಹುಡುಗ ತನ್ನ ಗುರುವಿನ ಮಾತಿಗೆ ಕಟ್ಟುಬಿದ್ದು ಪ್ರೀತಿಯನ್ನು ಬಿಟ್ಟುಕೊಟ್ಟ, ಅದರಿಂದ ಎರಡು ಬಾಳು ಹಾಳಾದವು, ನೋಡುತ್ತಾ ಕೂತ ನಮಗೆ ಏನೂ ಮಾಡಲಾಗಲಿಲ್ಲ. ಅವನ ಸಿಟ್ಟು ಚಿತ್ರದ ಮೇಲಲ್ಲ, ಏನೂ ಮಾಡಲಾಗದೆ ಕೂತದ್ದರ ಮೇಲೆ.

ಇದೇ ಚಿತ್ರದ ಬಗ್ಗೆ ನಮ್ಮ ಮನೆಯಲ್ಲಿ ಇನ್ನೊಂದು ಸಿಟ್ಟನ್ನೂ ನಾನು ಕಂಡಿದ್ದೇನೆ. ಅದು ನನ್ನ ತಂದೆಯವರದು. ಅವರು ತ.ರಾ.ಸು. ಕಾದಂಬರಿಗಳ ಕಟ್ಟಾ ಓದುಗರು. ಜಯನಗರದ ಅಡ್ಡರಸ್ತೆಯೊಂದರಲ್ಲಿದ್ದ ಬಾಡಿಗೆ ಪುಸ್ತಕದಂಗಡಿಯಿಂದ ಕಾದಂಬರಿ ತಂದು, ರಾತ್ರಿಯೆಲ್ಲಾ ಓದಿ, ಇನ್ನೊಂದು ದಿನದ ಬಾಡಿಗೆ ಬೀಳುವ ಮೊದಲೇ ಹಿಂತಿರುಗಿಸುತ್ತಿದ್ದರು. ಸ್ವಂತಕ್ಕೆ ಕೊಂಡ ಕೆಲವೇ ಪುಸ್ತಕಗಳಲ್ಲಿ ‘ನಾಗರಹಾವು’ ಒಂದು. ಚಿತ್ರ ಬಂದಾಗ ನಮ್ಮೆಲ್ಲರನ್ನೂ ಕರೆದುಕೊಂಡು ಹೋದರು. ನಾವು ಮಕ್ಕಳು ವಿಷ್ಣುವರ್ಧನರ ನಡಿಗೆಯನ್ನೂ ಅಂಬರೀಷರ ಜಲೀಲನ ದಿಮಾಕನ್ನೂ ಅನುಕರಿಸುತ್ತಾ ಬಸ್ ನಿಲ್ದಾಣಕ್ಕೆ ನಡೆದರೆ, ಅವರು ಮಾತೇ ಆಡಲಿಲ್ಲ. ಮನೆ ತಲುಪಿ ಕಾಲು ತೊಳೆಯುವಾಗ ಅಮ್ಮನಿಗೆ ಹೇಳಿದರು: ‘ಚೆನ್ನಾಗಿದೆ. ಆದರೆ ನಾನು ಓದಿದವನು ಇವನಲ್ಲ.’

ಅವರೊಬ್ಬರೇ ಅಲ್ಲ, ಬರೆದವರಿಗೂ ಹಾಗೇ ಅನ್ನಿಸಿತ್ತು. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಎಂದು ತ.ರಾ.ಸು. ಹೇಳಿದರೆಂಬ ಮಾತು ಕನ್ನಡ ಸಾಹಿತ್ಯ ವಲಯದಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ಕೇರೆಹಾವಿಗೆ ವಿಷವಿಲ್ಲ, ಹೆಡೆಯೂ ಇಲ್ಲ. ಒಬ್ಬ ಲೇಖಕ ತನ್ನ ಕೃತಿಗೆ ಆದ ಗತಿಯನ್ನು ಇದಕ್ಕಿಂತ ಚುರುಕಾಗಿ ಹೇಳುವುದು ಕಷ್ಟ. ಚಿತ್ರಕ್ಕೆ ಮಾತ್ರ ಈ ಮಾತಿನಿಂದ ಕೂದಲೂ ಕೊಂಕಲಿಲ್ಲ. ಅದು ಶತದಿನ ದಾಟಿತು. ತಮಿಳು, ತೆಲುಗಿಗೆ ಹೋಯಿತು. 1974ರಲ್ಲಿ ಪುಟ್ಟಣ್ಣನವರೇ ‘ಜಹರೀಲಾ ಇನ್ಸಾನ್’ ಎಂದು ಹಿಂದಿಯಲ್ಲೂ ತೆಗೆದರು.

ತಪ್ಪು ಯಾರದು ಎಂದು ತೀರ್ಮಾನಿಸುವ ಮೊದಲು ಪುಟ್ಟಣ್ಣನವರ ಕೈಯಲ್ಲಿದ್ದದ್ದು ಏನೆಂಬುದನ್ನು ನೋಡಬೇಕು. ಒಂದಲ್ಲ, ಮೂರು ಕಾದಂಬರಿಗಳು: ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’. ಮೂರನ್ನೂ ಸುಮಾರು ಮೂರು ಗಂಟೆಯೊಳಗೆ, ಹಾಡುಗಳ ಸಮೇತ, ಮುಗಿಸಬೇಕು. ಕಾದಂಬರಿಯಲ್ಲಿ ರಾಮಾಚಾರಿಯ ರೋಷ ಪುಟ ಪುಟವಾಗಿ ಏರುತ್ತದೆ. ಓದುಗ ಅವನ ತಲೆಯೊಳಗೇ ಕೂತು ಅದು ಏರುವುದನ್ನು ಕಾಣುತ್ತಾನೆ. ಕ್ಯಾಮೆರಾಕ್ಕೆ ತಲೆಯೊಳಗೆ ಪ್ರವೇಶವಿಲ್ಲ. ಅದು ಹೊರಗೆ ನಿಂತು ಹುಬ್ಬನ್ನು, ಮುಷ್ಟಿಯನ್ನು, ನಡಿಗೆಯನ್ನು ತೋರಿಸಬಲ್ಲದು ಅಷ್ಟೆ. ಹಾಗಾಗಿ ಪುಟ್ಟಣ್ಣ ಒಳಗಿನದ್ದನ್ನೆಲ್ಲ ಹೊರಗೆ ತಂದು ಚಿತ್ರದುರ್ಗದ ಬಂಡೆಗಳ ಮೇಲೆ ಹರಡಿದರು. ಕೋಟೆಯೇ ರಾಮಾಚಾರಿಯ ಮನಸ್ಸಾಯಿತು. ಆರತಿಯವರಿರುವ ಒಂದು ಹಾಡನ್ನು ಇಡಿಯಾಗಿ ನಿಧಾನ ಚಲನೆಯಲ್ಲಿ ತೆಗೆದರು. ಪ್ರೀತಿಯಲ್ಲಿ ಬಿದ್ದವನಿಗೆ ಹೊತ್ತು ಹೇಗೆ ನಿಲ್ಲುತ್ತದೆಂದು ಹೇಳಲು ಗದ್ಯಕ್ಕಾದರೆ ಒಂದು ಅಧ್ಯಾಯ ಬೇಕಾಗುತ್ತಿತ್ತು. ಒನಕೆ ಓಬವ್ವನ ಇಡೀ ಪ್ರಸಂಗವನ್ನು ಒಂದು ಹಾಡಿನೊಳಗೆ ಹೇಳಿ ಮುಗಿಸಿದರು. ಇಂದು ಕನ್ನಡಿಗರು ಓಬವ್ವ ಎಂದೊಡನೆ ಕಣ್ಣ ಮುಂದೆ ತಂದುಕೊಳ್ಳುವುದು ಒನಕೆ ಹಿಡಿದ ಜಯಂತಿಯವರನ್ನೇ ಎಂದರೆ ತಪ್ಪಾಗಲಾರದು. ಇತಿಹಾಸವನ್ನೂ ಕಾದಂಬರಿಯನ್ನೂ ಹಿಂದಿಕ್ಕಿ ಒಂದು ಹಾಡು ಜನರ ಕಣ್ಣಿನಲ್ಲಿ ಉಳಿದುಬಿಟ್ಟಿದೆ.

ತ.ರಾ.ಸು. ಅವರಿಗೆ ಇದು ಮೊದಲ ಅನುಭವವೇನಲ್ಲ. ಚಿತ್ರದುರ್ಗದ ಸಂಗೀತಗಾರನೊಬ್ಬನ ಬಾಳನ್ನು ಕುರಿತ ಅವರ ‘ಹಂಸಗೀತೆ’ 1956ರಲ್ಲಿ ಹಿಂದಿಯಲ್ಲಿ ‘ಬಸಂತ್ ಬಹಾರ್’ ಆಗಿ, ಕಥಾನಾಯಕ ಹಿಂದೂಸ್ತಾನಿ ಹಾಡುವ ಭಾರತ್ ಭೂಷಣ್ ಆಗಿಬಿಟ್ಟಿದ್ದ. ಅದೇ ಕಾದಂಬರಿಯನ್ನು ಜಿ.ವಿ. ಅಯ್ಯರ್ 1975ರಲ್ಲಿ ಅನಂತನಾಗ್ ಅವರನ್ನಿಟ್ಟುಕೊಂಡು ಕನ್ನಡದಲ್ಲಿ ತೆಗೆದಾಗ ಅದು ಮತ್ತೆ ದುರ್ಗಕ್ಕೆ ಮರಳಿತು. ಒಂದೇ ಪುಸ್ತಕ, ಎರಡು ಚಿತ್ರ, ಒಂದನ್ನೊಂದು ಗುರುತು ಹಿಡಿಯದಷ್ಟು ದೂರ.

ನನ್ನ ಅಭಿಪ್ರಾಯ ಕೇಳಿದರೆ, ಪುಸ್ತಕಕ್ಕೆ ನಿಷ್ಠವಾಗಿದೆಯೋ ಇಲ್ಲವೋ ಎಂಬ ಜಗಳವೇ ಸ್ವಲ್ಪ ದಾರಿ ತಪ್ಪಿದ್ದು. ಕನ್ನಡದ ಹೆಂಗಸರು ಬರೆದ ಕಾದಂಬರಿಗಳನ್ನು ಪುಟ್ಟಣ್ಣ ತೆರೆಗೆ ತಂದಷ್ಟು ಬೇರೆ ಯಾರೂ ತಂದಿರಲಾರರು: ತ್ರಿವೇಣಿಯವರ ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ, ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ. ತ್ರಿವೇಣಿ 1963ರಲ್ಲೇ, ಇನ್ನೂ 35 ತುಂಬುವ ಮೊದಲೇ, ತೀರಿಕೊಂಡಿದ್ದರು. ತಮ್ಮ ನಾಯಕಿಯರು ಕಲ್ಪನಾ ಅವರ ಮುಖ ಪಡೆದದ್ದನ್ನು ಅವರು ನೋಡಲಿಲ್ಲ. ನೋಡಿದ್ದರೆ ಮೆಚ್ಚುತ್ತಿದ್ದರೋ, ತ.ರಾ.ಸು. ಹಾಗೆ ಹಾವಿನ ಹೆಸರಿಡುತ್ತಿದ್ದರೋ ಯಾರು ಬಲ್ಲರು. ಕಾದಂಬರಿಯ ನಾಯಕಿಗೆ ಸಾವಿರ ಮುಖ, ಓದುಗರಿಗೊಂದು. ತೆರೆಗೆ ಬಂದ ದಿನ ಆ ಸಾವಿರವೂ ಹೋಗಿ ಒಂದು ಉಳಿಯುತ್ತದೆ. ನನ್ನ ತಂದೆಯವರ ದುಃಖ ಅದೇ ಆಗಿತ್ತು ಎಂದು ಈಗ ತೋರುತ್ತದೆ. ಅವರ ರಾಮಾಚಾರಿಯನ್ನು ಯಾರೋ ಮನೆಯಿಂದ ಹೊರಗೆ ಹಾಕಿ ಬಾಗಿಲು ಹಾಕಿಕೊಂಡಂತಾಗಿತ್ತು.

ಇನ್ನು ಹುಡುಗನ ಸಿಟ್ಟಿಗೆ ಬರೋಣ. ಕಥೆಯೊಳಗೆ ಕೈಹಾಕುವ ಆಸೆ ಕಂಪ್ಯೂಟರಿನಿಂದ ಹುಟ್ಟಿತು, ಈಗಿನ ಮಕ್ಕಳಿಗೆ ತಾಳ್ಮೆಯಿಲ್ಲ ಎಂದು ನಮ್ಮ ವಯಸ್ಸಿನವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ನಮ್ಮ ಅಜ್ಜಿಯರು ವೈಕುಂಠ ಏಕಾದಶಿಯ ಜಾಗರಣೆಯ ರಾತ್ರಿ ಹಾಸುತ್ತಿದ್ದ ಪರಮಪದ ಸೋಪಾನ ಪಟವನ್ನು ನೆನಪಿಸಿಕೊಳ್ಳಿ. ಕೆಳಗೆ ಹೀನ ಜನ್ಮಗಳು, ಮೇಲೆ ವೈಕುಂಠ, ನಡುವೆ ಮನೆಗಳು. ಪುಣ್ಯದ ಮನೆಯಲ್ಲಿ ಏಣಿಯ ಬುಡ, ಪಾಪದ ಮನೆಯಲ್ಲಿ ಹಾವಿನ ಬಾಯಿ. ಹಲವು ಪಟಗಳಲ್ಲಿ ಹಾವಿಗೊಂದು ಅಸುರನ ಹೆಸರು. ಇನ್ನೇನು ಮೇಲೆ ಸೇರಿದೆ ಎನ್ನುವಾಗ ಎಲ್ಲಕ್ಕಿಂತ ದೊಡ್ಡ ಹಾವು ಕಾದಿರುತ್ತದೆ. ನುಂಗಿದರೆ ನೇರ ಕೆಳಗೆ. ಈ ಬಗೆಯ ಪಟಗಳು ಜೈನರಲ್ಲಿಯೂ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿಗೆ ಹೋಗಿ, ಅಲ್ಲಿನ ನೀತಿಪಾಠಗಳನ್ನು ತುಂಬಿಕೊಂಡು, ಆಮೇಲೆ ಅದನ್ನೂ ಕಳೆದುಕೊಂಡು ಬರೀ ಹಾವು ಏಣಿಯಾಗಿ ನಮ್ಮ ಮಕ್ಕಳ ಕೈಗೆ ಮರಳಿತು. ಈಗಿನ ಪಟದಲ್ಲಿ ಹಾವು ಯಾಕೆ ನುಂಗುತ್ತದೆಂಬುದಕ್ಕೆ ಕಾರಣವೇ ಇಲ್ಲ. ಕಥೆ ಉದುರಿಹೋಗಿ ಲೆಕ್ಕ ಮಾತ್ರ ಉಳಿದಿದೆ.

ಆ ಆಟವಾಡಿದ ಮಗು ಆಮೇಲೆ ಅದನ್ನು ಹೇಗೆ ಹೇಳುತ್ತದೆ ಗಮನಿಸಿ. ‘ನನ್ನನ್ನು ಹಾವು ನುಂಗಿಬಿಟ್ಟಿತು’ ಎನ್ನುತ್ತದೆ. ನನ್ನ ಕಾಯಿಯನ್ನು ಎನ್ನುವುದಿಲ್ಲ. ಸಿನಿಮಾ ನೋಡಿ ಬಂದವರು ‘ಅವನು ಬಿದ್ದ, ಅವಳು ಅತ್ತಳು’ ಎಂದು ಹೇಳುತ್ತಾರೆ. ಪುಸ್ತಕ ಓದಿದವರೂ ಹಾಗೇ, ಓದುವ ಹೊತ್ತಿನಲ್ಲಿ ಎಷ್ಟೇ ಒಳಹೊಕ್ಕಿದ್ದರೂ. ಆಟದ ಕಥೆಯನ್ನು ಮಾತ್ರ ಎಲ್ಲರೂ ‘ನಾನು’ ಎಂದೇ ಹೇಳುವುದು. ವ್ಯಾಕರಣದ ಉತ್ತಮ ಪುರುಷ ಇಲ್ಲಿ ಬಿಟ್ಟರೂ ಬಿಡದು. ಕಥೆ ಹೇಳುವ ಮೂರು ಬಗೆಗಳ ನಡುವಿನ ವ್ಯತ್ಯಾಸ ನನಗೆ ಈ ಸಣ್ಣ ‘ನಾನು’ವಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ದೊಡ್ಡ ಸಿದ್ಧಾಂತಗಳಲ್ಲಿ ಕಂಡಿಲ್ಲ.

ಚೌಕಾಬಾರದಲ್ಲೂ ಕಥೆಯುಂಟು, ನಾವು ಕಥೆ ಎಂದು ಕರೆಯುವುದಿಲ್ಲ ಅಷ್ಟೆ. ನಮ್ಮ ಮನೆಯ ನಿಯಮದಲ್ಲಿ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿರಲಿಲ್ಲ. ಹೊರಗೇ ಸುತ್ತುತ್ತಿರಬೇಕು. ಯಾರನ್ನೂ ನೋಯಿಸದೆ ಒಳಮನೆ ಸೇರಲಾಗದು, ಒಳಮನೆ ಸೇರದೆ ಕಾಯಿ ಹಣ್ಣಾಗದು! ನಾಲ್ಕು ಕವಡೆ, ಇಪ್ಪತ್ತೈದು ಮನೆ, ಇಷ್ಟರೊಳಗೆ ಕೂಡುಕುಟುಂಬದ ಕಾದಂಬರಿಯೊಂದು ಅಡಗಿ ಕೂತಿದೆ ಎಂದು ನನಗೆ ಹಲವು ಸಲ ಅನಿಸಿದೆ. ನಮ್ಮ ಸೋದರತ್ತೆ ಕವಡೆ ಹಾಕುವಾಗ ತೋರುತ್ತಿದ್ದ ಹಟ ನೆನೆದರೆ ಅದು ಬರೀ ಅನಿಸಿಕೆಯೂ ಅಲ್ಲ.

ಆಟ ಮತ್ತು ಕಥೆಗಳ ನಂಟನ್ನು ನಮ್ಮ ನಾಡಿನಲ್ಲಿ ಎಲ್ಲರಿಗಿಂತ ಹೆಚ್ಚಾಗಿ ಹಚ್ಚಿಕೊಂಡವರು ಮುಮ್ಮಡಿ ಕೃಷ್ಣರಾಜ ಒಡೆಯರು. 1794ರಲ್ಲಿ ಹುಟ್ಟಿ, ಟಿಪ್ಪು ಸತ್ತ 1799ರಲ್ಲಿ ಐದು ವರ್ಷದ ಮಗುವಾಗಿ ಪಟ್ಟವೇರಿದ ಈ ಅರಸರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಅದು ಮರಳಲಿಲ್ಲ. ಅರಮನೆಯಿತ್ತು, ಆಸ್ಥಾನವಿತ್ತು, ಆಳುವುದಕ್ಕೆ ರಾಜ್ಯವಿರಲಿಲ್ಲ. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಅದು ಆಟಗಳಿಗೆ ಮೀಸಲು. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ಗೋಡೆಯ ಮೇಲೆ ಬರೆದಿರುವ ಆಟದ ಪಟಗಳನ್ನು ನೋಡಿರಬಹುದು. ಹೆಚ್ಚಿನವರು ರವಿವರ್ಮನ ಚಿತ್ರಗಳಿಗೆ ಹೋಗುವ ಆತುರದಲ್ಲಿ ನೋಡಿರುವುದಿಲ್ಲ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಹಾಯಿಸುವ ಸಮಸ್ಯೆ ಅವರಿಗೆ ಬಹಳ ಪ್ರಿಯವಾಗಿತ್ತು. ಆ ಕುದುರೆಯ ನಡೆಯೂ ನಮ್ಮಲ್ಲಿ ಸಾಹಿತ್ಯದೊಡನೆ ಬೆರೆತದ್ದೇ. ಒಂಬತ್ತನೆಯ ಶತಮಾನದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ಆಗಲೇ ತುರಗಪದವೆಂಬ ಚಿತ್ರಬಂಧವಿದೆ. ಮನೆಗೊಂದು ಅಕ್ಷರವಿಟ್ಟು ಕುದುರೆ ಹೋದ ದಾರಿಯಲ್ಲೇ ಓದಿದರೂ ಪದ್ಯ ಹೊರಡುತ್ತದೆ.

ಅವರ ಗಂಜೀಫಾ ಎಲೆಗಳು ಇನ್ನೂ ಸ್ವಾರಸ್ಯದವು. ಗಂಜೀಫಾ ಮೊಗಲರೊಡನೆ ಬಂದ ಆಟ. ಬಾಬರನ ಆತ್ಮಕಥೆಯಲ್ಲೇ ಅದರ ಉಲ್ಲೇಖವಿದೆ. ಇಲ್ಲಿಗೆ ಬಂದ ಮೇಲೆ ಅದು ದಶಾವತಾರವಾಯಿತು. ಅವತಾರಕ್ಕೆ ಹನ್ನೆರಡರಂತೆ 120 ಎಲೆ. ಹಗಲಿನಲ್ಲಿ ಆಡಿದರೆ ರಾಮನ ರಾಜನನ್ನು ಹಿಡಿದವನು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ರಾಜನನ್ನು ಹಿಡಿದವನು. ಕಾರಣ ಹೇಳಬೇಕಾಗಿಲ್ಲ: ಒಬ್ಬ ಸೂರ್ಯವಂಶದವನು, ಇನ್ನೊಬ್ಬ ನಡುರಾತ್ರಿ ಹುಟ್ಟಿದವನು. ಆಟದ ನಿಯಮದಲ್ಲೇ ಪುರಾಣ ಕೂತಿದೆ. ಮುಮ್ಮಡಿಯವರು ಇದಕ್ಕೂ ತೃಪ್ತರಾಗದೆ ‘ಛದ’ಗಳೆಂದು ಹೊಸ ಹೊಸ ಎಲೆಯಾಟಗಳನ್ನು ಕಟ್ಟಿಸಿದರು. ಅವುಗಳಲ್ಲಿ ದೊಡ್ಡದಾದ ಚಾಮುಂಡೇಶ್ವರಿ ಛದಕ್ಕೆ 320 ಎಲೆ. ಅಷ್ಟನ್ನು ಕೈಯಲ್ಲಿ ಹಿಡಿದು ಆಡಿದವರೆಷ್ಟು ಮಂದಿಯೋ! ಸ್ವಂತ ರಾಜ್ಯದಲ್ಲಿ ಒಂದು ನಡೆಯನ್ನೂ ನಡೆಸುವ ಅಧಿಕಾರವಿಲ್ಲದ ಅರಸ ಕಾಯಿಗಳಿಗೂ ಎಲೆಗಳಿಗೂ ಹೊಸ ಹೊಸ ನಡೆಗಳನ್ನು ಕಂಡುಹಿಡಿಯುತ್ತಾ ಕೂತಿದ್ದನ್ನು ಹವ್ಯಾಸವೆಂದು ಬದಿಗಿಡಲು ನನಗೆ ಮನಸ್ಸು ಬರುವುದಿಲ್ಲ. ಅಕ್ಕನ ಮೊಮ್ಮಗನ ಸಿಟ್ಟಿಗೂ ಆ ಅರಸರ ಕೌತುಕಕ್ಕೂ ಎಲ್ಲೋ ಸಂಬಂಧವಿದೆ.

ಇಸ್ಪೀಟಿನ ಮಾತು ಬಂದದ್ದರಿಂದ ಒಂದು ನೆನಪು. ಕನ್ನಡದ ಸಣ್ಣಕಥೆಗೆ ತಂದೆಯಂತಿದ್ದ ಮಾಸ್ತಿಯವರು ಇಳಿವಯಸ್ಸಿನಲ್ಲೂ ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಕೊಡೆ ಹಿಡಿದು ನಡೆದುಹೋಗಿ ಇಸ್ಪೀಟು ಆಡುತ್ತಿದ್ದರು. ಆ ಭಾಗದ ಹಳಬರೆಲ್ಲ ಬಲ್ಲ ವಿಷಯ. ಕಥೆಯಲ್ಲಿ ಮಾತ್ರ ಅವರು ಯಾವ ಎಲೆಯನ್ನೂ ಓದುಗನ ಕೈಗೆ ಕೊಡುವವರಲ್ಲ. ‘ರಂಗನ ಮದುವೆ’ಯಲ್ಲಿ ಕಥೆ ಹೇಳುವ ಶ್ಯಾಮ ನಮ್ಮೊಡನೆ ಜಗಲಿಯ ಮೇಲೆ ಕೂತು ಮಾತಾಡುವಂತೆ ಮಾತಾಡುತ್ತಾನೆ, ನಮ್ಮನ್ನು ಕೇಳುತ್ತಾನೆ, ತಮಾಷೆ ಮಾಡುತ್ತಾನೆ, ಆದರೆ ರಂಗನಿಗೆ ಯಾರೊಡನೆ ಮದುವೆಯಾಗಬೇಕೆಂಬುದು ಮೊದಲೇ ಅವನ ಜೇಬಿನಲ್ಲಿದೆ. ನಾವು ಹೂಗುಟ್ಟಬಹುದು ಅಷ್ಟೆ. ಆ ಹೂಗುಟ್ಟುವುದರ ಸುಖವೇ ಬೇರೆ. ಎಲ್ಲವನ್ನೂ ನಾನೇ ನಿರ್ಧರಿಸಬೇಕಾದ ಕಥೆ ದಣಿಸುತ್ತದೆಂದು ಹುಡುಗನಿಗೆ ಹೇಳಿದ್ದೆ. ‘ನಿಮಗೆ ವಯಸ್ಸಾಯ್ತು’ ಎಂದ.

ಕೊನೆ ಗೊತ್ತಿದ್ದೂ ನಡುವೆ ಸ್ವಾತಂತ್ರ್ಯ ಕೊಡುವ ಕಲೆಯೊಂದು ಕನ್ನಡಿಗರಲ್ಲಿದೆ. ಅದು ಕರಾವಳಿಯ, ಕಾಸರಗೋಡಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆ ಪಾತ್ರವಾಗಿ ಸ್ಥಳದಲ್ಲೇ ಮಾತು ಕಟ್ಟುತ್ತಾರೆ. ಪದ್ಯ ಬದಲಾಗುವುದಿಲ್ಲ, ಮಾತು ಪ್ರತಿ ರಾತ್ರಿ ಬೇರೆ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ವಾಲಿವಧೆಯ ಪ್ರಸಂಗದಲ್ಲಿ, ಮರೆಯಿಂದ ಬಾಣ ಬಿಟ್ಟ ರಾಮನನ್ನು ಬಿದ್ದ ವಾಲಿ ಪ್ರಶ್ನಿಸುವ ಸಂದರ್ಭವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ ಕೂತರೆಂದರೆ ರಾಮನ ಅರ್ಥ ಹೇಳುವವರಿಗೆ ಬೆವರು. ವಾದದಲ್ಲಿ ವಾಲಿ ಗೆದ್ದೇ ಬಿಟ್ಟ ಎಂದು ಸಭೆ ತಲೆದೂಗಿದ ಮೇಲೂ ವಾಲಿ ಸಾಯಲೇಬೇಕು. ಭಾಗವತರ ಮುಂದಿನ ಪದ್ಯ ಕಾದಿದೆ. ಕೃಷ್ಣಸಂಧಾನದಲ್ಲಿ ಕೌರವ ಎಷ್ಟು ಚೆನ್ನಾಗಿ ಮಾತಾಡಿದರೂ ಯುದ್ಧ ತಪ್ಪುವುದಿಲ್ಲ. ಇಡೀ ರಾತ್ರಿ ಜನ ನಿದ್ದೆಗೆಟ್ಟು ಕೂರುವುದು ಏನಾಗುತ್ತದೆಂದು ತಿಳಿಯಲಿಕ್ಕಲ್ಲ; ತಪ್ಪಿಸಲಾಗದ್ದನ್ನು ಎದುರಿಸುವಾಗ ಇವತ್ತು ಈ ಮನುಷ್ಯ ಏನು ಹೇಳುತ್ತಾನೆಂದು ಕೇಳಲಿಕ್ಕೆ.

ಕಂಪ್ಯೂಟರ್ ಆಟಗಳ ಇತಿಹಾಸವನ್ನು ಓದಿದರೆ ಅಲ್ಲಿಯೂ ಇದೇ ಎಳೆದಾಟ ಕಾಣುತ್ತದೆ. 1989ರಲ್ಲಿ ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಆಟ ಮಾಡಿದ. ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ಅದನ್ನು ಚಿತ್ರೀಕರಿಸಿ, ಚೌಕಟ್ಟು ಚೌಕಟ್ಟಾಗಿ ನಕಲು ತೆಗೆದು ನಾಯಕನಿಗೆ ಜೀವ ಕೊಟ್ಟ. ಅರಬ್ಬೀ ಕಥೆಗಳ ಕಡೆಯ ಹಳೆಯ ಕಥೆಯೇ: ದುಷ್ಟ ಮಂತ್ರಿ, ಸೆರೆಯಲ್ಲಿ ರಾಜಕುಮಾರಿ, ಒಂದು ಗಂಟೆಯ ಗಡುವು. ಆಡುವವನು ಮುಳ್ಳಿನ ಹಳ್ಳಕ್ಕೆ ಬಿದ್ದು ಸತ್ತರೆ ಮತ್ತೆ ಎದ್ದು ಬರುತ್ತಾನೆ, ಆದರೆ ಗಡಿಯಾರ ನಿಲ್ಲುವುದಿಲ್ಲ. ಸಾವು ಅಗ್ಗ, ಹೊತ್ತು ತುಟ್ಟಿ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿ ಪಾಠ ಮುಗಿದ ಮೇಲೆ ಹುಡುಗರು ಕದ್ದು ಆಡುತ್ತಿದ್ದ ಆಟಗಳಲ್ಲಿ ಇದೂ ಒಂದು. ಕನ್ನಡದ ಪುರಾಣವನ್ನೇ ಕೇಳಿ ಬೆಳೆದವರಿಗೆ ಪುನರ್ಜನ್ಮವುಳ್ಳ ಈ ಆಟ ಅಷ್ಟೇನೂ ಅಪರಿಚಿತವೆನಿಸಿರಲಾರದು.

1997ರಲ್ಲಿ ಬೆಂಗಳೂರಿನಲ್ಲೇ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಭಾರತದಲ್ಲಿ ಇಂಥ ಆಟಗಳ ಉದ್ಯಮಕ್ಕೆ ಬುನಾದಿ ಹಾಕಿದವರ ಸಾಲಿನಲ್ಲಿ ಮೊದಲು ನಿಲ್ಲುವ ಹೆಸರದು. ಆದರೆ ಇಲ್ಲಿನ ಕಲಾವಿದರು ಬಹುಮಟ್ಟಿಗೆ ಮಾಡಿದ್ದು ಹೊರದೇಶದ ಆಟಗಳಿಗೆ ಬೇಕಾದ ಚಿತ್ರಗಳನ್ನು: ‘ಫೋರ್ಜಾ’ ಎಂಬ ಓಟದ ಪಂದ್ಯದ ಕಾರುಗಳಂಥವನ್ನು. ಸಂಸ್ಥೆ ಕೈಬದಲಾಗಿ 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಕಂಪೆನಿಯ ಪಾಲಾಯಿತು. ಕೈ ನಮ್ಮದು, ಕಥೆ ಅವರದು. ಇದು ದೂರಲ್ಲ, ಹೊಟ್ಟೆಪಾಡಿನ ಲೆಕ್ಕ ಎಲ್ಲರಿಗೂ ಗೊತ್ತು. ಆದರೂ ಗಂಜೀಫಾದ ನಾಡಿನಲ್ಲಿ ಕುಮಾರವ್ಯಾಸನ ಪಗಡೆಯ ಸಭೆಯನ್ನೋ ಮಲೆ ಮಾದಪ್ಪನ ಪವಾಡವನ್ನೋ ಕನ್ನಡದಲ್ಲೇ ಆಡಿಸುವ ಒಂದು ದೊಡ್ಡ ಆಟ ನನ್ನ ಕಣ್ಣಿಗೆ ಬಿದ್ದಿಲ್ಲವೆಂಬುದು ಬೇಸರದ ಮಾತೇ. ಪುಣೆಯ ನಾಡಿಂಗ್ ಹೆಡ್ಸ್ ಎಂಬ ಚಿಕ್ಕ ತಂಡ 2020ರಲ್ಲಿ ‘ರಾಜಿ’ ಎಂಬ ಆಟ ತಂದಿತು. ಕಳೆದುಹೋದ ತಮ್ಮನನ್ನು ಹುಡುಕಿ ಹೊರಟ ಹುಡುಗಿ ಅದರ ನಾಯಕಿ. ಅವಳ ಕಥೆಯನ್ನು ಮೇಲಿನಿಂದ ನೋಡುತ್ತಾ ದುರ್ಗೆ ಮತ್ತು ವಿಷ್ಣು ಮಾತಾಡಿಕೊಳ್ಳುತ್ತಾರೆ. ಕಥೆ ಹೇಳುವವರು ಬೇರೆ, ಕಥೆಯೊಳಗೆ ನಡೆಯುವವರು ಬೇರೆ ಎಂಬ ನಮ್ಮ ಹಳೆಯ ಕ್ರಮ ಅಲ್ಲಿ ಹಾಗೇ ಉಳಿದಿದೆ. ಹುಡುಗನ ಪಕ್ಕ ಕೂತು ಸ್ವಲ್ಪ ಹೊತ್ತು ನೋಡಿದೆ. ಚೆನ್ನಾಗಿತ್ತು.

ಎರಡು ಕೊನೆ ಬೇಕೆನ್ನುವ ಹುಡುಗನ ಹಟಕ್ಕೆ ಕನ್ನಡದಲ್ಲೇ ಒಂದು ಉತ್ತರವಿದೆ ಎಂದು ನನಗೆ ಹೊಳೆದದ್ದು ತಡವಾಗಿ. ಬಹುಕಾಲ ಜೆ.ಪಿ. ನಗರದಲ್ಲಿ ನೆಲೆಸಿದ್ದ ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು ಬರೆದದ್ದು ಎಂಬತ್ತರ ದಶಕದ ಕೊನೆಯಲ್ಲಿ, ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿ. ಅದರಲ್ಲಿ ಒಂದು, ಕಥೆಯ ಬಗ್ಗೆಯೇ ಇರುವ ಕಥೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ, ಉಸಿರುಗಟ್ಟಿದ ಅವೆರಡೂ ಅವಳ ಬಾಯಿಂದ ತಪ್ಪಿಸಿಕೊಂಡು ಹೊರಬಂದು ಸೇಡು ತೀರಿಸಿಕೊಂಡವು. ನಾಟಕದಲ್ಲಿ ಪಾಳುಗುಡಿಯೊಂದಕ್ಕೆ ಊರಿನ ಮನೆಮನೆಯ ದೀಪದ ಜ್ವಾಲೆಗಳು ರಾತ್ರಿ ಬಂದು ಹರಟುತ್ತವೆ. ಹಾಗೆ ತಪ್ಪಿಸಿಕೊಂಡು ಬಂದ ಕಥೆಯೂ ಹೆಣ್ಣುರೂಪದಲ್ಲಿ ಅಲ್ಲಿಗೆ ಬಂದು ರಾಣಿ, ಅಪ್ಪಣ್ಣ, ಗಂಡನ ರೂಪ ತಾಳುವ ನಾಗ, ಇವರ ಸಂಗತಿಯನ್ನು ಹೇಳುತ್ತದೆ. ನಾಗ ಸತ್ತ ಎಂದು ಮುಗಿಸಿದರೆ ಕೇಳಿದವರಿಗೆ ಸಮಾಧಾನವಿಲ್ಲ. ಆಗ ಇನ್ನೊಂದು ಕೊನೆ: ಹಾವು ಸಾಯುವುದಿಲ್ಲ, ರಾಣಿಯ ತುರುಬಿನಲ್ಲೇ ಉಳಿಯುತ್ತದೆ.

ಕಾರ್ನಾಡರು ಇದನ್ನು ಕಂಪ್ಯೂಟರ್ ಆಟ ನೋಡಿ ಬರೆದವರಲ್ಲ. ಕೇಳುಗರಿಗಾಗಿ ಕೊನೆಯನ್ನು ತಿರುಗಿಸುವುದು ಅಜ್ಜಿಯರು ಎಂದಿನಿಂದಲೂ ಮಾಡಿಕೊಂಡು ಬಂದದ್ದೇ. ರಾಕ್ಷಸ ಸಾಯುವ ಹೊತ್ತಿಗೆ ಮಗು ಅಳತೊಡಗಿದರೆ ರಾಕ್ಷಸ ಊರು ಬಿಟ್ಟು ಓಡಿಹೋಗುತ್ತಾನೆ. ಅಚ್ಚಿಗೆ ಹೋದ ದಿನ ಆ ಸ್ವಾತಂತ್ರ್ಯ ಹೋಯಿತು, ಫಿಲ್ಮಿಗೆ ಹೋದ ಮೇಲಂತೂ ಸ್ವಲ್ಪವೂ ಉಳಿಯಲಿಲ್ಲ. ಆಟ ಅದನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದಿದೆ. ಆದರೆ ಒಂದು ವ್ಯತ್ಯಾಸ ಉಂಟು. ಅಜ್ಜಿ ಕೊನೆ ಬದಲಾಯಿಸುವುದು ಮಗುವಿನ ಮುಖ ನೋಡಿ. ಯಂತ್ರಕ್ಕೆ ಮುಖ ನೋಡಲು ಬರುವುದಿಲ್ಲ. ಯಾವ ಗುಂಡಿ ಒತ್ತಿದ ಎಂದಷ್ಟೇ ಅದಕ್ಕೆ ತಿಳಿಯುವುದು, ಅದೂ ಮೊದಲೇ ಯಾರೋ ಬರೆದಿಟ್ಟ ದಾರಿಗಳೊಳಗೆ. ಹುಡುಗ ತಾನೇ ಆರಿಸಿಕೊಂಡೆನೆಂದು ತಿಳಿದಿರುವ ಕೊನೆ ಕೂಡ ಯಾರದೋ ಜೇಬಿನಲ್ಲಿದ್ದದ್ದೇ.

2004ರಲ್ಲಿ ಜೆ.ಪಿ. ನಗರದಲ್ಲಿ ರಂಗಶಂಕರ ಆರಂಭವಾದ ಮೇಲೆ ದಕ್ಷಿಣ ಬೆಂಗಳೂರಿನವರಿಗೆ ನಾಟಕ ನೋಡಲು ರವೀಂದ್ರ ಕಲಾಕ್ಷೇತ್ರದವರೆಗೆ ಹೋಗಬೇಕಾದ ಕಷ್ಟ ತಪ್ಪಿದೆ. 1971ರಲ್ಲಿ ಆರಂಭವಾದ, ಬನಶಂಕರಿ ಎರಡನೆಯ ಹಂತದಲ್ಲಿರುವ ಸುಚಿತ್ರಾ ಫಿಲ್ಮ್ ಸೊಸೈಟಿಯ ಹೆಸರು ಚಿತ್ರಪ್ರೇಮಿಗಳಿಗೆ ಹೊಸದಲ್ಲ. ಎರಡರಲ್ಲೂ ಹುಡುಗನನ್ನು ಕೂರಿಸಿದ್ದೇನೆ. ಅರ್ಧಕ್ಕೆ ಎದ್ದುಹೋದದ್ದೂ ಉಂಟು.

ಈಗ ಅವನು ಬೇರೆ ಊರಿನಲ್ಲಿ ಓದುತ್ತಾನೆ. ಕಳೆದ ಯುಗಾದಿಗೆ ಬಂದಿದ್ದಾಗ ನನ್ನ ತಂದೆಯವರ ಪುಸ್ತಕದ ಪೆಟ್ಟಿಗೆ ತೆಗೆದು ಧೂಳು ಕೊಡವುತ್ತಿದ್ದೆ. ಬೆನ್ನು ಬಿಟ್ಟುಹೋದ ‘ನಾಗರಹಾವು’ ಕೈಗೆ ಸಿಕ್ಕಿತು. ಮೊದಲ ಪುಟದಲ್ಲಿ ತಂದೆಯವರ ಸಹಿ. ಹುಡುಗ ಅದನ್ನು ಕೇಳಿ ಪಡೆದುಕೊಂಡ. ಅವನ ಕನ್ನಡ ಓದು ನಿಧಾನ, ಪುಟಕ್ಕೆರಡು ಸಲ ಪದದ ಅರ್ಥ ಕೇಳಿ ಫೋನು ಮಾಡುತ್ತಾನೆ. ಮೊನ್ನೆ ಮಾಡಿದಾಗ, ಸಿನಿಮಾದಲ್ಲಿ ಇರುವವನಿಗೂ ಇವನಿಗೂ ಬಹಳ ವ್ಯತ್ಯಾಸವಿದೆಯಲ್ಲ ಎಂದ. ಹೌದು ಎಂದು ಮುಂದಿನ ಎರಡು ಪುಸ್ತಕಗಳ ಬಗ್ಗೆ ಹೇಳಹೊರಟೆ. ತಡೆದುಬಿಟ್ಟ.

‘ಕೊನೆ ಹೇಳಬೇಡಿ ತಾತ.’